ಬೀಡಿಯ ಹೊಗೆ ಹೋದ ದಿಕ್ಕು

ಅವರಿಗೆ ಹುಬ್ಬುಗಳಿರಲಿಲ್ಲ. ಹುಬ್ಬಿರಬೇಕಾದ ಜಾಗದಲ್ಲಿ ಎರಡು ನಸುಗೆಂಪು ಗೆರೆಗಳಿದ್ದವು. ಮೊಳೆತ ಕೂದಲು ಬಲಿಯುವ ಮೊದಲೇ ಅವರು ಮತ್ತೊಂದು ಒಲೆಯ ಬಾಯಿಗೆ ಮುಖವೊಡ್ಡಿರುತ್ತಿದ್ದರು. ಬಲಗೈಯ ಮಣಿಕಟ್ಟಿನಿಂದ ಮೊಣಕೈವರೆಗಿನ ಚರ್ಮ ಒಂದು ರೋಮವೂ ಇಲ್ಲದೆ, ಎಣ್ಣೆ ಹಚ್ಚಿದ ಹಲಸಿನ ಹಲಗೆಯ ಹಾಗೆ ಹೊಳೆಯುತ್ತಿತ್ತು. ಹುಬ್ಬಿಲ್ಲದ ಮುಖಕ್ಕೆ ಸಿಟ್ಟು ತೋರಿಸಲು ಬರುವುದಿಲ್ಲವೆಂದು ನನಗೆ ತಿಳಿದದ್ದು ಅವರನ್ನು ಕಂಡ ಮೇಲೆ. ಎಷ್ಟು ಅವಮಾನವಾದಾಗಲೂ ಆ ಮುಖ ಏನೋ ಸೋಜಿಗ ಕಂಡಂತೆ ಇರುತ್ತಿತ್ತು. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಯಿತು; ಇಂದಿಗೂ ಮಾಡುತ್ತಿದ್ದೇನೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅವರನ್ನು ಬಲ್ಲವರೆಲ್ಲ ‘ಒಲೆಯಕ್ಕ’ ಎಂದು ಕರೆಯುತ್ತಿದ್ದರು. ಕೆದಂಬಾಡಿ ಕಡೆಯವರು. ಮನೆ ಕಟ್ಟುವ ಕೆಲಸಕ್ಕೆ ಗಾರೆ ಕಲಸಿಕೊಡುವ ಹೆಂಗಸಾಗಿ ಸೇರಿ, ಬಚ್ಚಲುಮನೆಯ ನೀರೊಲೆಗಳನ್ನು ಕಟ್ಟಲು ಕಲಿತು, ಕೊನೆಗೆ ಕಲಿಸಿದವರಿಗಿಂತ ಚೆನ್ನಾಗಿ ಕಟ್ಟಿದವರು. ಅದೇ ಕೆಲಸ ಮಾಡುವ ಗಂಡಸನ್ನು ಊರು ಮೇಸ್ತ್ರಿ ಎನ್ನುತ್ತದೆ. ಅವನು ಕೆಲಸ ಕಲಿಯುವ ಮೊದಲೇ ಎನ್ನುತ್ತದೆ. ಇವರಿಗೆ ಮೂವತ್ತು ವರ್ಷ ದುಡಿದರೂ ಆ ಪದ ದಕ್ಕಲಿಲ್ಲ. ‘ಅಕ್ಕ’ ಎಂಬುದು ಪ್ರೀತಿಯ ಕರೆ, ನಿಜ. ಆದರೆ ಪ್ರೀತಿಯ ಹೆಸರು ಕೊಟ್ಟು ಪದವಿಯನ್ನು ತಪ್ಪಿಸುವುದರಲ್ಲಿ ನಾವು ಪಳಗಿದವರು. ನಾನೂ ಇಲ್ಲಿ ಒಲೆಯಕ್ಕ ಎಂದೇ ಬರೆಯುತ್ತೇನೆ. ಅವರು ಆ ಕರೆಗೆ ಓಗೊಡುತ್ತಿದ್ದರು ಎಂಬುದಷ್ಟೇ ಅದಕ್ಕೆ ಕಾರಣ.

ಅವರ ಚೀಲದಲ್ಲಿ ಒಂದು ಕರಣೆ, ಒಂದು ತೆಂಗಿನ ನಾರಿನ ಕುಂಚ, ತಂತಿಯ ಸುರುಳಿ, ಮತ್ತು ಒಂದು ತಗಡಿನ ಡಬ್ಬಿ ಇರುತ್ತಿದ್ದವು. ಡಬ್ಬಿಯಲ್ಲಿ ಬೀಡಿಗಳು. ನಮ್ಮ ಕಡೆಯ ಎಷ್ಟೋ ಹೆಂಗಸರಂತೆ ಅವರೂ ಅವರ ತಂಗಿಯೂ ಬಿಡುವಿನಲ್ಲಿ ಬೀಡಿ ಕಟ್ಟುತ್ತಿದ್ದರು. ಕಟ್ಟಿದ್ದನ್ನು ಒಪ್ಪಿಸಲು ಹೋದಾಗ ತುದಿ ಸರಿಯಿಲ್ಲ, ಎಲೆ ಹರಿದಿದೆ ಎಂದು ಒಂದು ಹಿಡಿಯನ್ನು ಗುತ್ತಿಗೆದಾರ ಪಕ್ಕಕ್ಕೆ ತೆಗೆದಿಡುವುದು ವಾಡಿಕೆ. ಆ ಹಿಡಿಗೆ ಕೂಲಿಯಿಲ್ಲ. ಹಾಗೆ ಪಕ್ಕಕ್ಕೆ ಬಿದ್ದವನ್ನು ಒಲೆಯಕ್ಕ ಜಗಳವಾಡಿ ವಾಪಸು ತರುತ್ತಿದ್ದರು. ಅವೇ ಅವರ ಉಪಕರಣ.

ಒಲೆ ಉರಿಯುವುದಿಲ್ಲ ಎಂದು ಯಾರಾದರೂ ಕರೆದರೆ ಅವರು ಒಂದು ಕೆಂಡಕ್ಕೆ ಬೀಡಿಯ ತುದಿಯನ್ನು ತಾಗಿಸಿ, ಕೈಯಿಂದ ಬೀಸಿ ಬೀಸಿ ಅದನ್ನು ಹೊತ್ತಿಸುತ್ತಿದ್ದರು. ತುಟಿಗಿಡದೆ ಬೀಡಿ ಹೊತ್ತಿಸುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಮಾಡಿಯೇ ನೋಡಬೇಕು. ಹೊತ್ತಿದ ಬೀಡಿಯನ್ನು ಒಲೆಯ ಬಾಯಿಗೆ ಹಿಡಿದು ಹೊಗೆಯ ದಾರಿಯನ್ನು ನೋಡುವುದು. ಹೊಗೆ ಒಳಕ್ಕೆ ಎಳೆದುಕೊಂಡರೆ ಒಲೆ ಉಸಿರಾಡುತ್ತಿದೆ. ಇದ್ದಲ್ಲೇ ಸುತ್ತಿದರೆ ಎಲ್ಲೋ ಬಿರುಕು ಬಿಟ್ಟಿದೆ. ಮುಖಕ್ಕೇ ತಿರುಗಿ ಬಂದರೆ ಮೇಲೆ, ಕೊಳವೆಯಲ್ಲಿ, ಏನೋ ಆಗಿದೆ. ಇಷ್ಟು ಸರಳವಾದ, ಇಷ್ಟು ಖಚಿತವಾದ ಪರೀಕ್ಷೆಯನ್ನು ಕಂಡ ಊರಿನವರು ಅದರಿಂದ ತಿಳಿದುಕೊಂಡದ್ದು ಒಂದೇ: ಈ ಹೆಂಗಸು ಬೀಡಿ ಸೇದುತ್ತದೆ.

ಆ ದಿನಗಳಲ್ಲಿ ನಾನು ಪುತ್ತೂರಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿದ್ದೆ. ಹೊಗೆಯಿಲ್ಲದ ನೀರೊಲೆಯೆಂಬ ಹೆಸರಿನಲ್ಲಿ ಕಬ್ಬಿಣದ ಪೆಟ್ಟಿಗೆ, ಸಣ್ಣ ಫ್ಯಾನು, ತಗಡಿನ ಹೊಗೆಕೊಳವೆಯಿದ್ದ ಒಂದು ಸಾಧನವನ್ನು ನಾವು ಮನೆಮನೆಗೆ ಕೊಡಿಸುತ್ತಿದ್ದೆವು. ಒಲೆ ಒಳ್ಳೆಯದೇ. ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ರಬ್ಬರಿನ ಒಣಕೊಂಬೆ ಯಾವುದನ್ನು ಹಾಕಿದರೂ ಹಂಡೆ ಕಾಯುತ್ತಿತ್ತು. ಕೆಟ್ಟರೆ ಮಾತ್ರ ಯಾರಿಗೂ ಅದರ ಗುಟ್ಟು ತಿಳಿಯುತ್ತಿರಲಿಲ್ಲ. ದೂರು ಬಂದ ಮನೆಗೆ ಹೋಗಿ ನಮೂನೆ ತುಂಬಿ ತರುವುದು ನನ್ನ ಕೆಲಸ. ಆ ನಮೂನೆಯಲ್ಲಿ ‘ದೋಷದ ಕಾರಣ’ ಎಂಬ ಶೀರ್ಷಿಕೆಯಡಿ ಮೂರೇ ಆಯ್ಕೆಗಳನ್ನು ಅಚ್ಚು ಹಾಕಿದ್ದರು. ಹಸಿ ಸೌದೆ. ಶುಚಿಗೊಳಿಸದಿರುವುದು. ಬಳಕೆಯಲ್ಲಿ ನಿರ್ಲಕ್ಷ್ಯ.

ಓದುಗರು ಇದನ್ನು ಇನ್ನೊಮ್ಮೆ ನೋಡಬೇಕು. ಮೂರರಲ್ಲಿ ಯಾವುದಕ್ಕೆ ಗುರುತು ಹಾಕಿದರೂ ಅಪರಾಧಿ ಒಬ್ಬಳೇ: ಮುಂಜಾನೆ ಎದ್ದು ಬೆಂಕಿ ಹಾಕುವ ಹೆಂಗಸು. ಒಲೆ ತಪ್ಪು ಮಾಡಬಹುದು, ಒಲೆ ಕೂರಿಸಿದವನು ತಪ್ಪು ಮಾಡಬಹುದು, ಮನೆಯ ಯಜಮಾನ ತಪ್ಪು ಮಾಡಬಹುದು ಎಂಬುದು ಆ ಕಾಗದವನ್ನು ರೂಪಿಸಿದವರ ತಲೆಗೆ ಹೊಳೆದಿರಲೇ ಇಲ್ಲ. ನನಗೂ ಹೊಳೆದಿರಲಿಲ್ಲ. ಮಹಿಳೆಯರ ಹಕ್ಕಿನ ಬಗ್ಗೆ ಶಾಲೆಯಲ್ಲಿ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದ ನಾನು, ಎರಡು ವರ್ಷ ಆ ನಮೂನೆಗಳನ್ನು ಅಂದವಾದ ಅಕ್ಷರದಲ್ಲಿ ತುಂಬಿದ್ದೆ.

ಒಲೆಯಕ್ಕನನ್ನು ನಾನು ಮೊದಲು ಕಂಡದ್ದು ಕಡಬದ ಹತ್ತಿರದ ಒಂದು ಮನೆಯಲ್ಲಿ. ನಮ್ಮ ತಂತ್ರಜ್ಞ ಬಂದು ಫ್ಯಾನು ಬದಲಿಸಿ ಹೋದರೂ ಒಲೆ ಹಿಡಿದಿರಲಿಲ್ಲ. ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ‘ನಿರ್ಲಕ್ಷ್ಯ’ದ ಮುಂದೆ ಗುರುತು ಹಾಕುತ್ತಿದ್ದೆ. ಅಷ್ಟರಲ್ಲಿ ನೆರೆಮನೆಯವರು ಹೇಳಿಕಳಿಸಿದ್ದರೆಂದು ಇವರು ಚೀಲ ಹಿಡಿದು ಬಂದರು. ಮನೆಯ ಯಜಮಾನ ಅವರನ್ನು ಕಂಡದ್ದೇ ತಡ, ಶುರುಮಾಡಿದ.

“ಒಲೆಯೇ ಸರಿ ಇಲ್ಲ. ಕೊಟ್ಟವರು ಸರಿ ಇಲ್ಲ. ಮೋಟ್ರು ಡೂಪ್ಲಿಕೇಟು.”

“ಬೆಂಕಿ ಹಾಕುದು ನೀವಾ?” ಒಲೆಯಕ್ಕ ಕೇಳಿದರು.

“ನಾನ್ಯಾಕೆ ಹಾಕುದು?”

“ಹಾಗಾದ್ರೆ ನಿಮಗೆ ಹೇಗೆ ಗೊತ್ತು ಮಾರಾಯ್ರೆ? ಹಾಕುವವರು ಬರ್ಲಿ.”

ಒಳಗಿನಿಂದ ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಎಂದಿನಿಂದ ಹೀಗೆ ಎಂದು ಒಲೆಯಕ್ಕ ಅವಳನ್ನು ಕೇಳಿದರು. ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದ ಮೇಲೆ ಎಂದಳು.

“ಹೋಗುವ ಮೊದಲು ಒಲೆಗೆ ಎಂತ ಮಾಡಿದ್ರಿ?”

“ನಾನೆಂತ ಮಾಡ್ಲಿಲ್ಲ ಅಕ್ಕ. ಇವರು ಏಣಿ ಇಟ್ಟು ಮೇಲೆ ಹತ್ತಿದ್ದು ಕಂಡಿದೆ.”

ಎಲ್ಲರ ಕಣ್ಣೂ ಯಜಮಾನನ ಮೇಲೆ ಬಿತ್ತು. ಅವನ ಸ್ವರ ತಗ್ಗಿತು. “ಅದು, ಮಳೆ ನೀರು ಕೊಳವೆಯೊಳಗೆ ಬೀಳ್ತದೇಂತ ಒಂದು ಅಡಿಕೆ ಹಾಳೆ ಕಟ್ಟಿದ್ದು... ಬಂದು ತೆಗೀಬೇಕು ಅಂತ ಇತ್ತು...”

ಒಲೆಯಕ್ಕ ಅಂಗಳಕ್ಕಿಳಿದು ಮೇಲೆ ನೋಡಿದರು. ಕೊಳವೆಯ ತುದಿಗೆ ಹಾಳೆಯನ್ನು ಬಾಳೆನಾರಿನಲ್ಲಿ ಅಚ್ಚುಕಟ್ಟಾಗಿ ಬಿಗಿಯಲಾಗಿತ್ತು. “ಟೊಪ್ಪಿ ಚಂದ ಉಂಟು. ನೀವೇ ಹಾಕ್ಕೊಳ್ಳಿ, ತೋಟಕ್ಕೆ ಹೋಗುವಾಗ ಆಗ್ತದೆ,” ಎಂದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಮೇಲೆ ನನ್ನ ಕಡೆಗೆ ತಿರುಗಿ, ನನ್ನ ಕೈಯಲ್ಲಿದ್ದ ಕಾಗದವನ್ನು ಬಗ್ಗಿ ನೋಡಿದರು. ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದುವವರು. “ಇದರಲ್ಲಿ ಗಂಡಸರ ತಪ್ಪು ಬರಿಲಿಕ್ಕೆ ಜಾಗ ಇಲ್ವಾ ಮೇಡಂ?” ಅವರು ಕುಹಕದಿಂದ ಕೇಳಲಿಲ್ಲ. ಜಾಗ ಎಲ್ಲಿದೆಯೆಂದು ನಿಜವಾಗಿಯೂ ಹುಡುಕುತ್ತಿದ್ದರು. ನಾನು ಕಾಗದವನ್ನು ಮಡಚಿ ಚೀಲಕ್ಕೆ ತುರುಕಿದೆ.

ಅಂದಿನಿಂದ ಎಲ್ಲಿ ಒಲೆ ಹಟ ಹಿಡಿದರೂ ನಾನು ಅವರನ್ನು ಕರೆದುಕೊಂಡು ಹೋಗತೊಡಗಿದೆ. ಅವರ ಕೆಲಸಕ್ಕೊಂದು ಕ್ರಮವಿತ್ತು. ಎಂಥ ಅವಸರದಲ್ಲಿಯೂ ಅದನ್ನು ಮುರಿಯುತ್ತಿರಲಿಲ್ಲ. ಬೆಂಕಿ ಹಾಕುವವರನ್ನು ಕೇಳಬೇಕು, ಅದೇ ಮೊದಲು. ಆಮೇಲೆ ಬೂದಿಗುಂಡಿಗೆ ಕೈ ಹಾಕಿ ಗಾಳಿಯ ದಾರಿ ನೋಡಬೇಕು. ಬಾಗಿಲು ಕೂರುತ್ತದೆಯೇ, ಕೊಳವೆ ತಿರುಗುವಲ್ಲಿ ಮಸಿ ಕಟ್ಟಿದೆಯೇ ಎಂದು ತಡವಬೇಕು. ಬೀಡಿ ಹಿಡಿಯುವುದು ಅದರ ನಂತರ, ಮತ್ತು ಏಣಿ ಎಲ್ಲಕ್ಕಿಂತ ಕೊನೆಗೆ. ಫ್ಯಾನಿನ ತಿರುಪಿಗೆ ಅವರು ಕೈ ಹಾಕಿದ್ದನ್ನು ನಾನು ಒಂದೆರಡು ಬಾರಿ ಮಾತ್ರ ನೋಡಿದ್ದೇನೆ. “ಬಿಚ್ಚುದು ಸುಲಭ. ಬಿಚ್ಚಿದ್ರೆ ಕೆಲಸ ಮಾಡಿದ ಹಾಗೆ ಕಾಣ್ತದೆ. ಅದಕ್ಕೇ ಎಲ್ಲ ಬಿಚ್ಚುದು,” ಎನ್ನುತ್ತಿದ್ದರು.

ಇನ್ನು ಮರ್ಕಂಜದ ಮನೆಯ ವಿಷಯ.

ಆ ಮನೆಯಲ್ಲಿ ಸೊಸೆಯ ಬಾಣಂತನ ನಡೆದಿತ್ತು. ಹುಡುಗಿಗೆ ತವರಿನಲ್ಲಿ ನೋಡಿಕೊಳ್ಳುವವರಿರಲಿಲ್ಲ. ಅತ್ತೆಯೇ ಮುತುವರ್ಜಿಯಿಂದ ಎಣ್ಣೆ ಹಚ್ಚಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಸುಡುನೀರು ಹೊಯ್ಯುತ್ತಿದ್ದರು. ಬೆಳಿಗ್ಗೆ ಒಲೆ ಚೆನ್ನಾಗಿ ಉರಿಯುತ್ತಿತ್ತು. ಸಂಜೆ ಉರಿಯುತ್ತಿರಲಿಲ್ಲ, ಹೊಗೆಯೆಲ್ಲ ಬಚ್ಚಲುಮನೆಯೊಳಗೇ ತುಂಬುತ್ತಿತ್ತು. ಸಣ್ಣ ದೂರೆಂದುಕೊಂಡು ನಾನು ಮೊದಲ ಸಲ ಒಬ್ಬಳೇ ಹೋಗಿ ನಮೂನೆಯಲ್ಲಿ ‘ಹಸಿ ಸೌದೆ’ ಎಂದು ಗುರುತು ಹಾಕಿ ಬಂದಿದ್ದೆ. ತಂತ್ರಜ್ಞ ಎರಡು ಸಲ ಹೋಗಿ ಒಮ್ಮೆ ಫ್ಯಾನನ್ನೂ ಒಮ್ಮೆ ಜಾಲರಿಯನ್ನೂ ಬದಲಿಸಿದ್ದ. ಬೆಳಿಗ್ಗೆ ಹೋದವನಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. “ಹೆಂಗಸರಿಗೆ ಬಳಸ್ಲಿಕ್ಕೆ ಬರುದಿಲ್ಲ,” ಎಂದು ಯಜಮಾನರ ಮುಂದೆ ಹೇಳಿಯೂ ಬಂದಿದ್ದ.

ಅದಾದ ಮೇಲೆ ಒಲೆಯಕ್ಕನ ಜೊತೆ ನಾನು ಹೋದಾಗ ಮಧ್ಯಾಹ್ನ ಮೂರು ಕಳೆದಿತ್ತು. ಯಜಮಾನರು ಊರಿನಲ್ಲಿ ಗೌರವಸ್ಥರು. ಸಭೆಗಳಲ್ಲಿ ಒಳ್ಳೆಯ ಮಾತು ಆಡುವವರು. ನನಗೆ ಸ್ಟೀಲಿನ ಲೋಟದಲ್ಲಿ ಬೆಲ್ಲದ ಪಾನಕ ಬಂತು. ಒಲೆಯಕ್ಕನಿಗೆ ಕಾಗದದ ಲೋಟದಲ್ಲಿ ಬಂತು. ಆ ಮನೆಯಲ್ಲಿ ಕಾಗದದ ಲೋಟಗಳ ಒಂದು ಕಟ್ಟನ್ನು ಜಗಲಿಯ ಗೂಡಿನಲ್ಲಿ ಸದಾ ಇಟ್ಟಿರುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಹಿಂದೆ ತೆಂಗಿನ ಚಿಪ್ಪಿತ್ತು. ಈಗ ಬಿಸಾಡಲು ಅನುಕೂಲವಾದದ್ದು ಬಂದಿದೆ. ಇದನ್ನು ಯಾರೂ ಅಸ್ಪೃಶ್ಯತೆ ಎನ್ನುವುದಿಲ್ಲ. ಸ್ವಚ್ಛತೆ ಎನ್ನುತ್ತಾರೆ. ನಾನು ನನ್ನ ಲೋಟವನ್ನು ಮುಟ್ಟಲಿಲ್ಲ. ಒಲೆಯಕ್ಕ ತಮ್ಮದನ್ನು ಒಂದೇ ಗುಟುಕಿಗೆ ಕುಡಿದು, “ಕುಡೀರಿ ಮೇಡಂ, ಬಿಸಿಲಿಗೆ ತಂಪು,” ಎಂದರು.

ಬಚ್ಚಲುಮನೆ ಹಿಂದಿನ ಅಂಗಳದಲ್ಲಿ, ಮನೆಯ ಮೂಡು ಬದಿಗೆ ಬೇರೆಯಾಗಿ ಇತ್ತು. ಒಲೆಯಕ್ಕ ಒಳಹೊಕ್ಕು ಬೆಂಕಿ ಹಾಕುವವರನ್ನು ಕೇಳಿದರು. ಬಂದವರು ಅತ್ತೆಯೇ, ಯಜಮಾನರ ಹೆಂಡತಿ. ಅವರು ನನ್ನ ಮುಖವನ್ನು ನೋಡಿ, ಆಮೇಲೆ ಒಲೆಯಕ್ಕನಿಗೆ ಹೇಳಿದರು: “ಕೊಳವೆ ಕಡಿದ ಮೇಲೆಯೇ ಹೀಗೆ. ಈ ಮೇಡಂಗೆ ನಾನು ಮೊದಲ ದಿನವೇ ಹೇಳಿದ್ದೆ.”

ಹೇಳಿದ್ದರು. ನೆನಪಾಯಿತು. ಅಂಗಳದ ಮೂಲೆಯಲ್ಲಿ ನಿಂತು ಅವರು ಕೊಳವೆಯ ಬಗ್ಗೆ ಏನೋ ಹೇಳಿದ್ದರು. ನನ್ನ ನಮೂನೆಯಲ್ಲಿ ಅದನ್ನು ಬರೆಯುವ ಸಾಲು ಇರಲಿಲ್ಲ, ನಾನು ಬರೆಯಲಿಲ್ಲ. ಈ ಬರಹದಲ್ಲಿ ನಾನು ಹೆಸರಿಸುವ ಅನ್ಯಾಯಗಳಲ್ಲಿ ನನ್ನದನ್ನೂ ಸೇರಿಸಿಕೊಳ್ಳಬೇಕು.

ಒಲೆಯಕ್ಕ ಬೂದಿ ನೋಡಿದರು, ಬಾಗಿಲು ನೋಡಿದರು, ತಿರುವಿನಲ್ಲಿ ಕೈ ಆಡಿಸಿದರು. ಬೀಡಿ ಹೊತ್ತಿಸಿ ಹಿಡಿದರು. ಹೊಗೆ ಒಂದು ಕ್ಷಣ ತಡೆದು, ನೇರ ಅವರ ಮುಖಕ್ಕೆ ಬಂತು. ಗಾಳಿಗಿಂಡಿಯನ್ನು ತೋರಿಸಿ, “ಇದಕ್ಕೆ ಗೋಣಿ ತುರುಕಿದ್ದು ಎಂತಕ್ಕೆ?” ಎಂದರು. ಬಾಣಂತಿಗೆ ಗಾಳಿ ತಾಗಬಾರದೆಂದು ಹಾಗೆ ಮಾಡಿದ್ದು ಎಂದರು ಅತ್ತೆ. ಒಲೆಯಕ್ಕ ಗೋಣಿಯನ್ನು ಎಳೆದು ಕೆಳಗೆ ಹಾಕಿ ಹೊರಗೆ ಬಂದು ಸೂರಿನತ್ತ ನೋಡಿದರು. ಕೊಳವೆ ಮನೆಯ ಹಂಚಿನ ಮಾಡಿನ ಅರ್ಧಕ್ಕೂ ಬರುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಪಡುವಣದಿಂದ ಬೀಸುವ ಗಾಳಿ ಮನೆಯ ಮಾಡನ್ನು ಏರಿ, ದಾಟಿ, ಈಚೆ ಬದಿಗೆ ಧುಮುಕುವಾಗ ಗಿಡ್ಡ ಕೊಳವೆಯ ಬಾಯಿಗೇ ಬೀಳುತ್ತಿತ್ತು. ಬೆಳಿಗ್ಗೆ ಗಾಳಿಯಿಲ್ಲ, ಒಲೆ ಉರಿಯುತ್ತದೆ. ಸಂಜೆ ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಎರಡು ತಿಂಗಳ ಒಗಟು ಅಷ್ಟೇ.

ಕತ್ತರಿಸಿದ್ದು ಯಾಕೆ? ಅಂಗಳದ ಆಚೆ ಬದಿಗೆ ಮನೆತನದ ದೈವದ ಗುಡಿಯಿತ್ತು. ಗುಡಿಯ ನೆತ್ತಿಯ ಕಳಸದಂಥ ಮುಗುಳಿಗಿಂತ ಬಚ್ಚಲಿನ ಹೊಗೆಕೊಳವೆ ಎತ್ತರವಾಗಬಾರದೆಂದು ಯಾರೋ ಹೇಳಿದರಂತೆ. ಯಜಮಾನರು ಅಳೆದು ಕತ್ತರಿಸಿದ್ದರು. ತಂತ್ರಜ್ಞನಿಗೂ ನನಗೂ ಅದನ್ನು ಹೇಳಿರಲಿಲ್ಲ. ಹೆಂಗಸರಿಗೆ ಬಳಸಲು ಬರುವುದಿಲ್ಲ ಎಂಬ ಮಾತು ತಮ್ಮ ಮುಂದೆಯೇ ನಡೆದಾಗ ತಲೆಯಾಡಿಸಿ ಸುಮ್ಮನಿದ್ದರು.

ಮುಂದಿನ ಅಂಗಳಕ್ಕೆ ಬಂದು ಒಲೆಯಕ್ಕ ಅವರಿಗೆ ಹೇಳಿದರು: “ಅಣ್ಣೆರೆ, ಕೊಳವೆ ಮಾಡಿಗಿಂತ ಎರಡು ಮೊಳ ಮೇಲೆ ಹೋಗ್ಬೇಕು. ಅಲ್ಲಿವರೆಗೆ ಸಂಜೆ ಬೆಂಕಿ ಬೇಡ. ಆ ಹೊಗೆ ಒಳ್ಳೆದಲ್ಲ.”

“ಅದು ಆಗುವ ಮಾತಲ್ಲ. ಬೇರೆ ಎಂತಾದ್ರೂ ಇದ್ರೆ ಹೇಳಿ.”

“ಬೇರೆ ಎಂತ ಹೇಳುದು? ಗಾಳಿಗೆ ನೀವು ಹೇಳ್ತೀರಾ, ಆಚೆಯಿಂದ ಹೋಗು ಅಂತ?”

ಅತ್ತೆ ಬಾಗಿಲಿಗೆ ಬಂದು, ಹಂಡೆಯಲ್ಲಿ ಬೆಳಗಿನ ಬಿಸಿ ಇನ್ನೂ ಇದೆ, ಈಗಷ್ಟೇ ಬೆಂಕಿಯನ್ನೂ ಹಾಕಿ ಆಗಿದೆ, ಇವತ್ತಿನ ಸ್ನಾನವನ್ನು ನಿಲ್ಲಿಸುವುದೇ ಎಂದು ಕೇಳಿದರು. ಯಜಮಾನರು ಅವರತ್ತ ನೋಡದೆ ಹೇಳಿದರು: “ಇವರ ಮಾತಿಗೆಲ್ಲ ಸ್ನಾನ ನಿಲ್ಲಿಸ್ಲಿಕ್ಕೆ ಆಗ್ತದಾ? ಹೊತ್ತಾಯ್ತು. ಮಾಡ್ಸು. ಕಿಂಡಿಗೆ ಗೋಣಿ ಹಾಕು, ಗಾಳಿ ಬರ್ತದೆ.”

ನಾನು ಮೂಢನಂಬಿಕೆಯ ಬಗ್ಗೆ, ಆರೋಗ್ಯದ ಬಗ್ಗೆ ಮಾತಾಡಲು ಶುರುಮಾಡಿದೆ. ಯಜಮಾನರು ಶಾಂತವಾಗಿ ಕೇಳಿಸಿಕೊಂಡರು. ಓದಿದ ಹುಡುಗಿಯರ ಮಾತನ್ನು ಅವರು ಯಾವಾಗಲೂ ಶಾಂತವಾಗಿ ಕೇಳಿಸಿಕೊಳ್ಳುತ್ತಿದ್ದರು, ಕೇಳುತ್ತಿರಲಿಲ್ಲ. ಮಾತು ಅರ್ಧ ಗಂಟೆ ನಡೆದಿರಬೇಕು; ಹಿಂದಿನ ಅಂಗಳದಿಂದ ನೀರು ಹೊಯ್ಯುವ ಸದ್ದು ಬರುತ್ತಿತ್ತು. ಒಲೆಯಕ್ಕ ನಮ್ಮಿಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ತಲೆ ಒಂದು ಬದಿಗೆ ವಾಲಿತ್ತು. ಆಗ ಅತ್ತೆ ಒಳಗಿನ ಬಾಗಿಲಿನಲ್ಲಿ ಮತ್ತೆ ಕಾಣಿಸಿಕೊಂಡರು, ಮಗುವನ್ನು ಎತ್ತಿಕೊಂಡು; ತಾಯಿಯ ಸ್ನಾನ ಮುಗಿಯುತ್ತ ಬಂತು, ಇನ್ನು ಮಗುವಿನದು.

“ಒಳಗೆ ಅವಳೊಬ್ಬಳೇ ಉಂಟಾ?” ಒಲೆಯಕ್ಕ ಕೇಳಿದರು.

“ಹೌದು, ಮೈಗೆ ಹೊಯ್ಕೊಳ್ತಿದ್ದಾಳೆ...”

“ಚೆಂಬಿನ ಸದ್ದು ನಿಂತಿದೆ.”

ಅಷ್ಟು ಹೇಳಿ ಓಡಿದರು. ಐವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ನಾನು ತಲುಪುವಾಗ ಬಚ್ಚಲುಮನೆಯ ಬಾಗಿಲು ತೆರೆದಿತ್ತು, ಒಳಗಿನಿಂದ ಕೊಳೆ ಬಣ್ಣದ ಹೊಗೆ ಹೊರಳಿ ಬರುತ್ತಿತ್ತು. ಒಲೆಯಕ್ಕ ಹುಡುಗಿಯ ಎರಡೂ ಕಂಕುಳಿಗೆ ಕೈ ಹಾಕಿ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಳೆದು ತಂದರು. ಎಣ್ಣೆಯ ಮೈ ಜಾರುತ್ತಿತ್ತು. ಅಂಗಳದ ಗಾಳಿಗೆ ಮಲಗಿಸಿ, ತಮ್ಮ ಸೆರಗನ್ನೇ ಬಿಚ್ಚಿ ಹೊದೆಸಿದರು. ಹುಡುಗಿಯ ತುಟಿ ಮೊದಲು ಅಲುಗಿತು, ಆಮೇಲೆ ಕಣ್ಣು ತೆರೆಯಿತು. ತಲೆ ನೋವು ಎಂದಳು, ವಾಂತಿ ಮಾಡಿಕೊಂಡಳು. ಬದುಕಿದಳು.

ಯಜಮಾನರು ಬಂದು ನಿಂತರು. ಅವರ ಬಾಯಿಂದ ಬಂದ ಮೊದಲ ಮಾತನ್ನು ನಾನು ಹಾಗೆಯೇ ಬರೆಯುತ್ತೇನೆ.

“ಬೀಡಿ ಹಿಡಿದ ಕೈಯಲ್ಲಿ ಬಾಣಂತಿಯನ್ನು ಮುಟ್ಟಿದ್ದಾ? ಒಳಗೆ ಹೋಗ್ಲಿಕ್ಕೆ ಯಾರು ಹೇಳಿದ್ದು?”

ಸೊಸೆ ನೆಲದ ಮೇಲಿದ್ದಳು. ಮೊಮ್ಮಗು ಅಜ್ಜಿಯ ತೋಳಿನಲ್ಲಿತ್ತು. ಇನ್ನು ಐದು ನಿಮಿಷ ಕಳೆದಿದ್ದರೆ ಅದೂ ಆ ಕೋಣೆಯೊಳಗೆ ಇರುತ್ತಿತ್ತು. ಅವರಿಗೆ ಕಂಡದ್ದು ಆ ಕೈ. ಒಲೆಯಕ್ಕನ ಹುಬ್ಬಿಲ್ಲದ ಮುಖ ಎಂದಿನ ಹಾಗೆ ಸೋಜಿಗದಿಂದ ಅವರನ್ನು ನೋಡಿತು.

“ಸದ್ದು ನಿಂತದ್ದು ನಿಮಗೆ ಕೇಳ್ಲಿಲ್ವಾ ಅಣ್ಣೆರೆ?” ಎಂದರು. ಅಷ್ಟೇ.

ಮುಂದಿನದನ್ನು ಮಾಡಿದವರು ಅತ್ತೆ. ಮಗುವನ್ನು ನನ್ನ ಕೈಗೆ ಕೊಟ್ಟು, ಬರಿಗಾಲಲ್ಲಿ ಅಂಗಳ ದಾಟಿ, ಗುಡಿಯ ಮುಂದೆ ಕೈ ಮುಗಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಸತ್ಯವೇ, ಕೊಳವೆ ನಾನು ಎತ್ತರ ಮಾಡಿಸ್ತೇನೆ. ತಪ್ಪಾದ್ರೆ ನನ್ನ ತಲೆಗೆ ಬರಲಿ, ಈ ಮಗುವಿನ ತಲೆಗೆ ಬೇಡ. ನನ್ನ ಮಾತು ಮನುಷ್ಯರಿಗೆ ಕೇಳುದಿಲ್ಲ, ನಿನಗೆ ಕೇಳ್ತದಲ್ಲ.” ತಿರುಗಿ ಗಂಡನಿಗೆ, “ಏಣಿ ತನ್ನಿ,” ಎಂದರು.

ಯಜಮಾನರು ಏಣಿ ತಂದರು. ನನ್ನ ಭಾಷಣ ಮುಟ್ಟದ ಜಾಗಕ್ಕೆ ಆ ಪ್ರಾರ್ಥನೆ ಮುಟ್ಟಿತೆಂಬುದನ್ನು ನಾನು ಒಪ್ಪಿಕೊಳ್ಳಬೇಕು. ಕತ್ತರಿಸಿದ ಕೊಳವೆಯ ತುಂಡು ದನದ ಹಟ್ಟಿಯ ಪಕ್ಕದಲ್ಲಿ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿತ್ತು. ಬಳ್ಳಿಯನ್ನು ಬಿಡಿಸಿ ಅದನ್ನು ತಂದರು. ಸುಳ್ಯದ ವೈದ್ಯರಲ್ಲಿಗೆ ಹುಡುಗಿಯನ್ನು ಜೀಪಿನಲ್ಲಿ ಕಳಿಸಿದ ಮೇಲೆ ಒಲೆಯಕ್ಕ ಮಾಡು ಹತ್ತಿ, ತಂತಿ ಬಿಗಿದು, ತುಂಡನ್ನು ಕೂರಿಸಿದರು. ಇಳಿದು ಬಂದು ಇನ್ನೊಂದು ಬೀಡಿ ಹೊತ್ತಿಸಿ ಒಲೆಯ ಬಾಯಿಗೆ ಹಿಡಿದರು. ಗಾಳಿ ಆಗಲೂ ಬೀಸುತ್ತಿತ್ತು. ಹೊಗೆ ದಾರದ ಹಾಗೆ ನೇರವಾಗಿ ಒಳಕ್ಕೆ ಹೋಯಿತು.

ಸಂಸ್ಥೆಯ ವರದಿಯಲ್ಲಿ ಆ ಘಟನೆ ಒಂದು ಸಾಲಾಯಿತು: ‘ತಾಂತ್ರಿಕ ತಂಡದ ಪರಿಶೀಲನೆಯಿಂದ ದೋಷ ನಿವಾರಣೆಯಾಗಿದೆ.’ ಒಲೆಯಕ್ಕನ ಹೆಸರಿರಲಿಲ್ಲ. ನಾನು ಜಗಳ ತೆಗೆದ ಮೇಲೆ, ಯುವಕರಿಗೆ ನಡೆಸುವ ದುರಸ್ತಿ ತರಬೇತಿಗೆ ಅವರನ್ನು ಕರೆಸಿದರು. ಮೂರು ದಿನ ಅವರು ಕಲಿಸಿದರು. ಕೊನೆಯ ದಿನ ಕಲಿತವರಿಗೆಲ್ಲ ಪ್ರಮಾಣಪತ್ರ ಸಿಕ್ಕಿತು. ಹತ್ತನೇ ತರಗತಿ ಪಾಸಾಗದ ಕಾರಣ ಕಲಿಸಿದವರಿಗೆ ಸಿಗಲಿಲ್ಲ. ಒಂದು ಕೈಪಿಡಿಯನ್ನೂ ಅಚ್ಚು ಹಾಕಿಸಿದರು. ಅದರಲ್ಲಿದ್ದದ್ದು ಅವರದೇ ಕ್ರಮ, ಅವರದೇ ಮಾತು, ಎರಡೇ ತಿದ್ದುಪಡಿ. ಬೆಂಕಿ ಹಾಕುವವರನ್ನು ಕೇಳಬೇಕೆಂಬ ಮೊದಲ ಹೆಜ್ಜೆಯನ್ನು ಬಿಟ್ಟಿದ್ದರು. ಬೀಡಿ ಶೋಭಿಸುವುದಿಲ್ಲವೆಂದು ಊದುಬತ್ತಿ ಎಂದು ಬರೆದಿದ್ದರು.

ನಾನು ಕೈಪಿಡಿಯನ್ನು ಅವರ ಮನೆಗೆ ಒಯ್ದು ಓದಿ ಹೇಳಿದೆ. ಸಂಸ್ಥೆಯನ್ನು ಬಿಡುತ್ತೇನೆಂದೂ ಹೇಳಿದೆ. ಅವರಿಗೆ ಚಿಂತೆಯಾದದ್ದು ಬೇರೆ. “ಊದುಬತ್ತಿದು ಹೊಗೆ ತೆಳು ಮೇಡಂ. ಒಲೆಯ ಬಿಸಿಗೇ ಹರಿದು ಹೋಗ್ತದೆ. ಆ ಹುಡುಗರು ತಪ್ಪು ನೋಡ್ತಾರೆ,” ಎಂದರು. ಆ ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದರು. ಅವರ ಅಡುಗೆಮನೆಯಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಮಾಡಿನ ಹಂಚುಗಳು ಮಸಿಯಿಂದ ತೊಟ್ಟಿಕ್ಕುವಂತಿದ್ದವು. ನೂರಾರು ಮನೆಗಳ ಹೊಗೆಗೆ ದಾರಿ ಮಾಡಿಕೊಟ್ಟವರಿಗೆ ಯೋಜನೆಯ ಒಲೆ ಸಿಕ್ಕಿರಲಿಲ್ಲ. ಮನೆಯ ಅಡಿಯ ಜಾಗಕ್ಕೆ ಹಕ್ಕುಪತ್ರ ಬೇಕಿತ್ತು. ಅವರಲ್ಲಿ ಅದಿರಲಿಲ್ಲ.

ವರ್ಷಗಳು ಕಳೆದು ಕೆಮ್ಮು ನಿಲ್ಲದಾದಾಗ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಾಸಿಗೆಯ ಮೇಲೆ ಚೀಲ ಇಡುವಾಗ ತಗಡಿನ ಡಬ್ಬಿ ಜಾರಿ ಬಿದ್ದು ಬೀಡಿಗಳು ನೆಲದ ಮೇಲೆ ಹರಡಿದವು. ಎಳೆಯ ವೈದ್ಯರು ಅದನ್ನು ನೋಡಿದರು, ಅವರ ಕಂದು ಬೆರಳುಗಳನ್ನು ನೋಡಿದರು, ಕೇಳದೆಯೇ ಕಾಗದದಲ್ಲಿ ಒಂದು ಗುರುತು ಹಾಕಿದರು.

“ಬೀಡಿ ಬಿಡ್ಬೇಕು ಅಮ್ಮ.”

“ಬಿಡುವ ಡಾಕ್ಟ್ರೆ,” ಎಂದರು ಒಲೆಯಕ್ಕ. “ಯಾವುದನ್ನು ಬಿಡುದು? ಕಟ್ಟುದನ್ನಾ, ಹಿಡಿಯುದನ್ನಾ?”

ವೈದ್ಯರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವರು ದಣಿದ ನಗೆ ನಕ್ಕರು. ಎಲ್ಲ ರೋಗಿಗಳೂ ಹಾಗೇ ಹೇಳುವುದೆಂದರು. ಬಿಡುಗಡೆಯ ಪತ್ರದಲ್ಲಿ ‘ದೀರ್ಘಕಾಲದ ಧೂಮಪಾನ’ ಎಂದು ಬಂತು. ಕಟ್ಟಡ ಕಾರ್ಮಿಕರಿಗೆ ಸಿಗಬೇಕಾದ ಚಿಕಿತ್ಸೆಯ ನೆರವನ್ನು ಆ ಎರಡು ಪದಗಳ ಆಧಾರದ ಮೇಲೆ ನಿರಾಕರಿಸಿದರು: ಕಾಯಿಲೆ ಕೆಲಸದಿಂದ ಬಂದದ್ದಲ್ಲ, ಚಟದಿಂದ ಬಂದದ್ದು. ಅರ್ಜಿ ಹಿಂದೆ ಬಂದ ದಿನ ಅವರು ನನ್ನನ್ನು ಸಮಾಧಾನ ಮಾಡುತ್ತ, “ನಿಮ್ಮ ಮುಖಕ್ಕೆ ಯಾಕೆ ಹೊಗೆ ಬರುದು ಮೇಡಂ, ಕೊಳವೆ ಕಡಿದದ್ದು ಬೇರೆ ಯಾರೋ,” ಎಂದರು. ಆಮೇಲೆ ಉಸಿರು ಹಿಡಿಯಲು ಬಹಳ ಹೊತ್ತು ಬೇಕಾಯಿತು.

ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು. ಸಾವಿನ ಮನೆಗೆ ಮರ್ಕಂಜದ ಅತ್ತೆ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದರು. ತಂಗಿ ಎಲ್ಲರಿಗೂ ಕರಿ ಚಹಾ ಕೊಟ್ಟಳು. ಅತ್ತೆ ಆ ಮನೆಯ ಲೋಟದಲ್ಲಿ ಕುಡಿದು, ತೊಳೆದು, ಬೋರಲು ಹಾಕಿ, “ನನ್ನ ಮಾತು ಮೊದಲು ಕೇಳಿದ್ದು ಈ ಅಕ್ಕ,” ಎಂದಷ್ಟೇ ಹೇಳಿದರು.

ಈಗ ನಾನು ಕೆಲಸ ಮಾಡುವ ಸಣ್ಣ ಸಂಘದಲ್ಲಿ ನಮೂನೆ ನನ್ನದೇ. ಅದರ ಮೊದಲ ಸಾಲು: ‘ಬೆಂಕಿ ಹಾಕುವವರು ಹೇಳಿದ್ದೇನು?’ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ. ನೀರೊಲೆಗೆ ಮಾತ್ರವಲ್ಲ, ಯಾವ ದೂರಿಗೆ ಹೋದರೂ ನಾನು ಆ ಸಾಲಿನಿಂದಲೇ ಆರಂಭಿಸುತ್ತೇನೆ. ನನಗೆ ಬಂದ ವಿದ್ಯೆಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ, ಅದು ಶಾಲೆಯಿಂದ ಬಂದದ್ದಲ್ಲ.

ಆಸ್ಪತ್ರೆಯ ದಾಖಲೆಯನ್ನು ತಿದ್ದಬೇಕೆಂದು ನಾನು ಬರೆದ ಪತ್ರಗಳಿಗೆಲ್ಲ ಒಂದೇ ಉತ್ತರ ಬಂದಿದೆ: ರೋಗಿ ಮೃತರಾದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಸರಿ. ಅಲ್ಲಿ ಅವಕಾಶವಿಲ್ಲದಿದ್ದರೆ ಇಲ್ಲಿ ಬರೆಯುತ್ತೇನೆ. ಆ ಸಂಸ್ಥೆಯಲ್ಲಿದ್ದಾಗಲೂ ಬಿಟ್ಟ ಮೇಲೂ ಅವರ ಜೊತೆ ಹನ್ನೊಂದು ವರ್ಷ ಮನೆಮನೆ ತಿರುಗಿದವಳು, ಅವರು ಹಿಡಿದ ಪ್ರತಿ ಬೀಡಿಯ ಹೊಗೆ ಯಾವ ಕಡೆಗೆ ಹೋಯಿತೆಂದು ಪಕ್ಕದಲ್ಲಿ ನಿಂತು ಕಂಡವಳು ನಾನು.

ಧೂಮಪಾನದ ಅಭ್ಯಾಸ: ಇಲ್ಲ. ಉದ್ಯೋಗ: ಮೇಸ್ತ್ರಿ.